ವೆಂಟ್‌ನಿಂದ ಕರಿ ಪುಡಿ, ಎಸಿಯಲ್ಲಿ ಬಿಸಿ ಗಾಳಿ: ಹಳೇ ಆಕ್ಟೇವಿಯಾ ಆರ್‌ಎಸ್‌ನ ಫ್ಲ್ಯಾಪ್ ಸ್ಪಂಜು ರಿಪೇರಿ

ಮೊದಲು ಕಂಡದ್ದು ಅವ್ವನ ಸೀರೆ ಮೇಲೆ. ಬೆಳಗಾವಿಯಿಂದ ಬಾಗಲಕೋಟೆಗೆ ಮದುವೆಗೆ ಹೊರಟಿದ್ದೆವು. ಯರಗಟ್ಟಿ ದಾಟಿ ಬಿಸಿಲು ಏರಿತು ಅಂತ ಬ್ಲೋವರ್ ಜೋರು ಮಾಡಿದೆ. ನಡುವಿನ ವೆಂಟ್‌ನಿಂದ ಕರಿ ಕಾಳಿನಂಥದ್ದು ಪುಸಕ್ಕನೆ ಹಾರಿ ಅವ್ವನ ಇಳಕಲ್ ಸೀರೆಯ ಸೆರಗಿನ ಮೇಲೆ ಬಿತ್ತು. "ಏನೋ ಇದು, ಗಾಡ್ಯಾಗ ಗುರೆಳ್ಳ ಹಿಂಡಿ ಚೆಲ್ಲೀಯೇನು?" ಅಂದಳು. ನೋಡಲಿಕ್ಕೆ ಹಾಗೇ ಇತ್ತು. ಆದರೆ ಕೈಯಿಂದ ಕೊಡವಿದಾಗ ಉದುರಲಿಲ್ಲ, ಕರಿ ಗೀಟು ಎಳೆದುಕೊಂಡು ಹೋಯಿತು.

ಆ ಗೀಟೇ ಈ ಕಾಯಿಲೆಯ ಮೊದಲ ಗುರುತು. ವೆಂಟ್‌ನಿಂದ ಬಂದ ಪುಡಿಯನ್ನು ಬೆರಳ ತುದಿಯಲ್ಲಿಟ್ಟು ಹೆಬ್ಬೆರಳಿನಿಂದ ಹೊಸಕಿ. ರಸ್ತೆಯ ಧೂಳಾದರೆ ಒಣಗಿ ಉದುರುತ್ತದೆ. ಒಣ ಎಲೆಯ ಚೂರಾದರೆ ಪುಡಿಯಾಗುತ್ತದೆ. ಇಲಿ ಗೂಡು ಕಟ್ಟಿದ್ದರೆ ಹತ್ತಿ, ಕಾಗದ, ಕೂದಲು ಬರುತ್ತದೆ, ಜೊತೆಗೆ ವಾಸನೆ ಬೇರೆ. ಎಸಿ ಗಾಳಿಯ ದಾರಿ ಬದಲಿಸುವ ಒಳಬಾಗಿಲಿಗೆ, ಅಂದರೆ ಫ್ಲ್ಯಾಪ್‌ಗೆ, ಅಂಟಿಸಿದ ಸ್ಪಂಜು ಕೊಳೆತಿದ್ದರೆ ಮಾತ್ರ ಕಾಡಿಗೆಯ ಹಾಗೆ ಮೆತ್ತಿಕೊಳ್ಳುತ್ತದೆ.

ನನ್ನದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, 150 ಕುದುರೆ ಶಕ್ತಿ. ಆ ಕಾಲಕ್ಕೆ ನಮ್ಮ ದೇಶದಲ್ಲಿ ಐದು ಜನ ಕೂರುವ ಸ್ಪೋರ್ಟ್ಸ್ ಕಾರು ಅಂದರೆ ಇದೇ. ಇದರ ತಳಪಾಯವನ್ನೇ ಫೋಕ್ಸ್‌ವ್ಯಾಗನ್ ಗಾಲ್ಫ್‌ನ ನಾಲ್ಕನೇ ತಲೆಮಾರು ಮತ್ತು ಮೊದಲ ಆಡಿ ಟಿಟಿ ಕೂಡ ಬಳಸಿದವು. ಹಾಗಾಗಿ ಇಲ್ಲಿ ಬರೆದದ್ದು ಹೆಚ್ಚುಕಡಿಮೆ ಅವಕ್ಕೂ ಹೊಂದುತ್ತದೆ. ಪೋರ್ಷೆ ಬಾಕ್ಸ್‌ಸ್ಟರ್‌ನ 986 ಮತ್ತು 911ರ 996 ಮಾದರಿ ಇಟ್ಟುಕೊಂಡವರೂ ಇದೇ ಪುಡಿ ಒರೆಸುತ್ತಿರುತ್ತಾರೆ. ಅವುಗಳಲ್ಲಿ ಬಿಚ್ಚುವ ದಾರಿ ಬೇರೆ, ರೋಗ ಒಂದೇ.

ಪುಡಿ ಬರೋದು ಸಣ್ಣ ಕಿರಿಕಿರಿ, ಒರೆಸಿದರೆ ಹೋಯಿತು. ದೊಡ್ಡ ತೊಂದರೆ ಬೇರೆ ಇದೆ. ಸ್ಪಂಜು ಹೋದ ಕಾರಿನ ಎಸಿ ತಣ್ಣಗಾಗಲ್ಲ. ಆಗ ಎಲ್ಲರೂ ಮಾಡೋದು ಒಂದೇ ಕೆಲಸ, ಗ್ಯಾಸ್ ತುಂಬಿಸೋದು. ನಾನೂ ಒಂದು ಗ್ಯಾರೇಜಿಗೆ ಹೋದೆ. ಬಾನೆಟ್ ಕೂಡ ಎತ್ತದೆ "ಗ್ಯಾಸ್ ಹೋಗೇತ್ರಿ ಸರ, ತುಂಬಿಸಿಬಿಡೂಣು" ಅಂದರು. ತುಂಬಿಸಿದೆ. ಹದಿನೈದು ದಿನಕ್ಕೆ ಮತ್ತದೇ ಕಥೆ. ಮತ್ತೆ ಹೋದೆ. ಈ ಸಲ "ಕಂಪ್ರೆಸರ್ ವೀಕ್ ಆಗೇತ್ರಿ" ಅಂದರು. ಕಂಪ್ರೆಸರ್‌ನ ರೇಟು ಕೇಳಿದ ಮೇಲೆ ನನಗೆ ಓದುವ ಬುದ್ಧಿ ಬಂತು.

ಡ್ಯಾಶ್‌ಬೋರ್ಡ್ ಹಿಂದೆ ಏನು ನಡೆಯುತ್ತದೆ

ಗಾಳಿಯ ದಾರಿ ಗೊತ್ತಿದ್ದರೆ ಅರ್ಧ ರಿಪೇರಿ ಮುಗಿದ ಹಾಗೆ. ಬ್ಲೋವರ್ ಎಳೆದುಕೊಂಡ ಗಾಳಿ ಮೊದಲು ಎಸಿಯ ಕೂಲಿಂಗ್ ಕಾಯಿಲ್ ಮೂಲಕ ಹೋಗುತ್ತದೆ. ಅಲ್ಲಿ ತಣ್ಣಗಾಗುತ್ತದೆ. ಮುಂದೆ ಎರಡು ದಾರಿ. ಒಂದು ನೇರ ವೆಂಟ್‌ಗಳ ಕಡೆಗೆ. ಇನ್ನೊಂದು ಹೀಟರ್ ಕೋರ್ ಮೂಲಕ ಸುತ್ತಿಕೊಂಡು. ಹೀಟರ್ ಕೋರ್ ಅಂದರೆ ಒಂದು ಪುಟ್ಟ ರೇಡಿಯೇಟರ್. ಎಂಜಿನ್‌ನ ಬಿಸಿ ನೀರು ಅದರಲ್ಲಿ ಓಡುತ್ತಿರುತ್ತದೆ.

ಈ ಎರಡು ದಾರಿಯ ನಡುವೆ ಒಂದು ಬಾಗಿಲಿದೆ. ಅದೇ ತಾಪಮಾನದ ಫ್ಲ್ಯಾಪ್. ತಣ್ಣಗೆ ಬೇಕು ಅಂದರೆ ಅದು ಹೀಟರ್ ಕಡೆಯ ದಾರಿ ಮುಚ್ಚುತ್ತದೆ. ಬಿಸಿ ಬೇಕು ಅಂದರೆ ನೇರ ದಾರಿ ಮುಚ್ಚುತ್ತದೆ. ನಡುವೆ ಬೇಕು ಅಂದರೆ ನಡುವೆ ನಿಲ್ಲುತ್ತದೆ.

ಗಮನಿಸಬೇಕಾದ ಮಾತು ಇಲ್ಲಿದೆ. ಹೀಟರ್‌ಗೆ ಹೋಗುವ ನೀರನ್ನು ನಿಲ್ಲಿಸುವ ವಾಲ್ವ್ ಈ ಕಾರುಗಳಲ್ಲಿ ಇಲ್ಲ. ಮೇ ತಿಂಗಳ ಮಧ್ಯಾಹ್ನ ವಿಜಯಪುರದಲ್ಲಿ ನಿಂತಿದ್ದರೂ ಡ್ಯಾಶ್‌ಬೋರ್ಡ್ ಹಿಂದೆ ಸುಮಾರು 90 ಡಿಗ್ರಿಯ ನೀರು ಓಡುತ್ತಲೇ ಇರುತ್ತದೆ. ನಿಮಗೂ ಆ ಬಿಸಿಗೂ ನಡುವೆ ಇರೋದು ಆ ಬಾಗಿಲು ಒಂದೇ.

ಆ ಬಾಗಿಲು ಹೇಗಿದೆ ಗೊತ್ತಾ? ತಗಡಿನ ಹಲಗೆ, ಅದರ ತುಂಬಾ ದುಂಡನೆಯ ತೂತುಗಳು. ಎರಡೂ ಬದಿಗೆ ತೆಳ್ಳನೆ ಸ್ಪಂಜು ಅಂಟಿಸಿ ಆ ತೂತು ಮುಚ್ಚಿರುತ್ತಾರೆ. ಅಂಚಿನಲ್ಲೂ ಅದೇ ಸ್ಪಂಜು, ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಕೂರಲಿ, ಟಪ್ ಅಂತ ಸದ್ದು ಬರದಿರಲಿ ಅಂತ. ಹೊಸದಿದ್ದಾಗ ಚೆನ್ನಾಗೇ ಕೆಲಸ ಮಾಡುತ್ತದೆ. ಸ್ಪಂಜು ಉದುರಿದ ದಿನ ಅದು ಬಾಗಿಲಲ್ಲ, ಜರಡಿ.

ಕೀಲು, ಮೋಟಾರು ಎಲ್ಲ ಸರಿ ಇರುತ್ತದೆ. ಅದಕ್ಕೇ ಕಂಪ್ಯೂಟರ್ ಹಚ್ಚಿ ಸ್ಕ್ಯಾನ್ ಮಾಡಿದರೂ ಒಂದು ಫಾಲ್ಟ್ ಕೋಡ್ ಬರಲ್ಲ. ಫ್ಲ್ಯಾಪ್ ಎಲ್ಲಿ ನಿಂತಿದೆ ಅಂತ ಕಂಪ್ಯೂಟರ್‌ಗೆ ಗೊತ್ತು. ಅದರಲ್ಲಿ ತೂತಿದೆ ಅಂತ ಗೊತ್ತಿಲ್ಲ.

ಸ್ಪಂಜು ಕೊಳೆಯೋದು ಯಾರ ತಪ್ಪೂ ಅಲ್ಲ, ವಯಸ್ಸು. ಇಂಥ ಕಡೆ ಬಳಸುವ ಸ್ಪಂಜು ಪಾಲಿಯುರಿಥೇನ್. ಬಿಸಿ ಮತ್ತು ಹಸಿ ಎರಡೂ ಸೇರಿದರೆ ಅದರ ಅಣುಗಳ ಉದ್ದನೆಯ ಕೊಂಡಿಗಳು ತುಂಡಾಗುತ್ತವೆ. ಮೊದಲು ಮೆತ್ತಗಾಗಿ ಅಂಟಂಟಾಗುತ್ತದೆ, ಆಮೇಲೆ ಪುಡಿ. ಹಳೇ ರೇಡಿಯೊ ಸ್ಪೀಕರ್‌ನ ಅಂಚು, ಹೆಡ್‌ಫೋನ್‌ನ ಕಿವಿಮೆತ್ತೆ ಪುಡಿಯಾಗೋದು ನೋಡಿದ್ದೀರಲ್ಲ, ಅದೇ ಕಥೆ. ನಮ್ಮ ಕಡೆ ಇದಕ್ಕೆ ಎರಡೂ ಧಾರಾಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮಳೆಯಲ್ಲಿ ಕಾರಿನ ಹೊಟ್ಟೆ ಒಣಗೋದೇ ಇಲ್ಲ. ಬೇಸಿಗೆಯಲ್ಲಿ ಬಾಗಲಕೋಟೆ ಕಡೆ ಹೋಗಿ ಬಿಸಿಲಲ್ಲಿ ನಿಲ್ಲಿಸಿದರೆ ಡ್ಯಾಶ್‌ಬೋರ್ಡ್ ಮೇಲೆ ಕೈ ಇಡೋಕೆ ಆಗಲ್ಲ.

ಗ್ಯಾಸ್ ತುಂಬಿಸುವ ಮೊದಲು ಮಾಡುವ ಪರೀಕ್ಷೆಗಳು

ಇದಕ್ಕೆ ಬೇಕಾದ್ದು ವೆಂಟ್‌ಗೆ ಸಿಕ್ಕಿಸುವಂಥ ಕಡ್ಡಿ ಥರ್ಮಾಮೀಟರ್ ಒಂದೇ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆಗೆ ಎಸಿಯೇ ಬೇಡ. ಬೆಳಗ್ಗೆ ತಂಪು ಹೊತ್ತಲ್ಲಿ ಕಾರು ತೆಗೆದು ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ. ಈಗ ತನ್ನಷ್ಟಕ್ಕೆ ತಾಪಮಾನ ಹಿಡಿಯುವ ಎಸಿ, ಅಂದರೆ ಕ್ಲೈಮಟ್ರಾನಿಕ್‌ನಲ್ಲಿ ‘ಇಕಾನ್’ ಒತ್ತಿ ಕಂಪ್ರೆಸರ್ ಆಫ್ ಮಾಡಿ. ತಾಪಮಾನವನ್ನು ಪೂರ್ತಿ ಕೆಳಗೆ, ‘ಲೋ’ ಬರುವ ತನಕ ಇಳಿಸಿ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಆಫ್ ಇರಲಿ, ಹೊರಗಿನ ಗಾಳಿ ಬರಲಿ. ಫ್ಲ್ಯಾಪ್ ಸರಿ ಇದ್ದರೆ ವೆಂಟ್‌ನಿಂದ ಹೊರಗಿನಷ್ಟೇ ತಂಪು ಗಾಳಿ ಬರಬೇಕು, ಜಾಸ್ತಿ ಅಂದರೆ ನಾಲ್ಕೈದು ಡಿಗ್ರಿ ಮೇಲೆ. ನನ್ನ ಕಾರಿನಲ್ಲಿ ಹೊರಗೆ 21 ಡಿಗ್ರಿ ಇದ್ದಾಗ ವೆಂಟ್‌ನಲ್ಲಿ 36 ತೋರಿಸಿತು. ಹೀಟರ್ ಬೇಡ ಅಂದ ಮೇಲೂ ಹದಿನೈದು ಡಿಗ್ರಿ ಬಿಟ್ಟಿ ಬಿಸಿ. ಇದಕ್ಕೂ ಗ್ಯಾಸಿಗೂ ಸಂಬಂಧವೇ ಇಲ್ಲ, ಅಲ್ವಾ?

ಎರಡನೆಯದು ತಣ್ಣನೆ ಎಂಜಿನ್‌ನ ಪರೀಕ್ಷೆ. ರಾತ್ರಿಯೆಲ್ಲ ನಿಂತ ಕಾರನ್ನು ಸ್ಟಾರ್ಟ್ ಮಾಡಿದ ಕೂಡಲೇ ಎಸಿ ಹಾಕಿ, ‘ಲೋ’ಗೆ ಇಟ್ಟು ನಿಮಿಷಕ್ಕೊಮ್ಮೆ ಥರ್ಮಾಮೀಟರ್ ನೋಡಿ. ಮೊದಲ ನಾಲ್ಕೈದು ನಿಮಿಷ ಗಾಳಿ ಚೆನ್ನಾಗಿ ತಣ್ಣಗಾಗುತ್ತಾ ಹೋಗಿ, ಎಂಜಿನ್ ಮೀಟರ್‌ನ ಮುಳ್ಳು 90ರ ಕಡೆ ಏರಿದ ಹಾಗೆಲ್ಲ ಗಾಳಿಯೂ ಬೆಚ್ಚಗಾಗುತ್ತಾ ಬಂದರೆ ತಪ್ಪು ಫ್ಲ್ಯಾಪ್‌ನದು. ಗ್ಯಾಸ್ ಕಡಿಮೆ ಇದ್ದರೆ ಮೊದಲಿಂದಲೇ ತಣ್ಣಗಾಗುವುದಿಲ್ಲ. ನಾನು ಗ್ಯಾರೇಜಿನಿಂದ ಮೋಸ ಹೋದದ್ದಕ್ಕೂ ಇದೇ ಕಾರಣ. ಗ್ಯಾಸ್ ತುಂಬಿಸಿ ಕಾರು ಹೊರಗೆ ತಂದಾಗ ಎಂಜಿನ್ ತಣ್ಣಗಿತ್ತು. ಎರಡು ನಿಮಿಷ ಕೈ ಹಿಡಿದು ನೋಡಿ "ಹಾಂ, ಈಗ ಐಸ್ ಆತು ನೋಡ್ರಿ" ಅಂತ ಖುಷಿಯಿಂದ ಹೊರಟೆವು.

ಬಾನೆಟ್ ಎತ್ತಿಯೂ ಒಂದು ನೋಡಬಹುದು. ಎಸಿ ಓಡುವಾಗ ಒಳಗಿನಿಂದ ಕಂಪ್ರೆಸರ್‌ಗೆ ವಾಪಸ್ ಬರುವ ದಪ್ಪ ಪೈಪು ಮುಟ್ಟಿ. ಬೆಲ್ಟ್, ಫ್ಯಾನ್ ಹತ್ತಿರ ಕೈ, ಉಪರ್ಣೆ, ಓಢಣಿ ಯಾವುದೂ ಬೇಡ. ಪೈಪು ತಣ್ಣಗಿದ್ದು ಮೈಮೇಲೆ ನೀರು ಬೆವರಿದ್ದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ಅಷ್ಟು ತಣ್ಣಗಿದ್ದೂ ವೆಂಟ್‌ನಲ್ಲಿ ಬೆಚ್ಚಗೆ ಬಂದರೆ ದಾರಿಯಲ್ಲಿ ಯಾರೋ ಬಿಸಿ ಬೆರೆಸುತ್ತಿದ್ದಾರೆ.

ಇನ್ನೂ ಅನುಮಾನ ಇದ್ದರೆ ಹೋಸ್ ಹಿಚುಕಿ ನೋಡಿ. ಎಂಜಿನ್ ಹಿಂದಿನ ಗೋಡೆಗೆ ಎರಡು ಹೀಟರ್ ಹೋಸ್ ಹೋಗುತ್ತವೆ. ಎಂಜಿನ್ ತಣ್ಣಗಿದ್ದಾಗ ಒಳಗೆ ಹೋಗುವ ಹೋಸ್‌ಗೆ ದುಂಡು ಬಾಯಿಯ ಹೋಸ್ ಕ್ಲ್ಯಾಂಪ್ ಹಾಕಿ, ಸ್ಟಾರ್ಟ್ ಮಾಡಿ, ಎಸಿ ಹಾಕಿ. ಹತ್ತು ನಿಮಿಷ ಸಾಕು, ಟೆಂಪರೇಚರ್ ಮೀಟರ್ ಮೇಲೆ ಕಣ್ಣಿರಲಿ. ನನ್ನ ಕಾರಿನಲ್ಲಿ 19 ಇದ್ದದ್ದು 11ಕ್ಕೆ ಇಳಿಯಿತು. ಇಕ್ಕಳದಿಂದ ಮಾತ್ರ ಹಿಡಿಯಬೇಡಿ. ಇಪ್ಪತ್ತು ವರ್ಷದ ರಬ್ಬರು ಒಳಗೆ ಸೀಳಿದರೆ ಹೊಸ ತಲೆನೋವು. ಹೋಸ್ ಬಿರುಕು ಬಿಟ್ಟಿದ್ದರೆ ಈ ಪರೀಕ್ಷೆಯೇ ಬೇಡ, ಮೊದಲಿನ ಎರಡು ಸಾಕು.

ಇದನ್ನು ನೋಡಿ ಒಬ್ಬ ಗೆಳೆಯ ಅಂದ, "ಹಂಗಾದ್ರ ಅದಕ್ಕೊಂದು ಕಾಕ್ ಕೂಡಿಸಿ ನೀರು ಬಂದ್ ಮಾಡಿಬಿಡು, ಮುಗೀತಲ್ಲ." ಹಾಗೆ ವಾಲ್ವ್ ಹಾಕಿಸಿಕೊಂಡವರು ತುಂಬಾ ಜನ ಇದ್ದಾರೆ. ವಿಜಯಪುರದಲ್ಲೇ ಓಡಾಡುವವರಿಗೆ ಅದು ತಪ್ಪು ಅಂತ ನಾನು ಹೇಳಲ್ಲ. ಆದರೆ ಬೆಳಗಾವಿಯಿಂದ ಗೋವಾ ಕಡೆ ಜುಲೈ ತಿಂಗಳಲ್ಲಿ ಚೋರ್ಲಾ ಘಾಟ್ ಇಳಿಯುವಾಗ ಗಾಜಿನ ಮೇಲೆ ಮಂಜು ಕೂತರೆ ಬಿಸಿ ಗಾಳಿ ಬೇಕೇ ಬೇಕು. ಅಷ್ಟಲ್ಲದೆ ಪುಡಿ ಬೀಳೋದು ಅದರಿಂದ ನಿಲ್ಲುವುದಿಲ್ಲ.

ಬೇರೆ ಕಳ್ಳರನ್ನೂ ಒಮ್ಮೆ ತಪಾಸಣೆ ಮಾಡಿ. ಬ್ಲೋವರ್ ಸದ್ದು ಜೋರು, ಗಾಳಿ ಕಡಿಮೆ ಅಂದರೆ ಮೊದಲು ಎಸಿ ಫಿಲ್ಟರ್ ನೋಡಿ. ತಾಪಮಾನ ಬದಲಿಸುವಾಗ ಡ್ಯಾಶ್‌ಬೋರ್ಡ್ ಒಳಗೆ ಟಕ್ ಟಕ್ ಸದ್ದು ಬಂದರೆ ಫ್ಲ್ಯಾಪ್ ಮೋಟಾರ್‌ನ ಪ್ಲಾಸ್ಟಿಕ್ ಗಿಯರ್ ಸವೆದಿದೆ. ಕೈಯಿಂದ ತಿರುಗಿಸುವ ಗುಂಡಿ ಇರುವ ಕಾರಿನಲ್ಲಿ ಮೋಟಾರ್ ಬದಲು ಕೇಬಲ್ ಇರುತ್ತದೆ, ಅದು ಕಳಚಿರಬಹುದು. ಚಳಿಗಾಲದಲ್ಲಿ ಬಿಸಿಯೇ ಬರಲ್ಲ, ಎಂಜಿನ್ ಮೀಟರ್ ಕೂಡ 90 ಮುಟ್ಟಲ್ಲ ಅಂದರೆ ಹಾಳಾದದ್ದು ಎಂಜಿನ್ ನೀರಿನ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್, ಸ್ಪಂಜಲ್ಲ.

ಯಾವ ಫ್ಲ್ಯಾಪ್ ಹೋಗಿದೆ

ಡ್ಯಾಶ್‌ಬೋರ್ಡ್ ಹಿಂದೆ ಗಾಳಿ ಹಾಯುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸ್ಪಂಜು ಇರುವ ಫ್ಲ್ಯಾಪ್ ಒಂದೇ ಅಲ್ಲ. ಆದರೆ ಪ್ರತಿಯೊಂದೂ ಬೇರೆ ಬೇರೆ ಥರ ದೂರು ಕೊಡುತ್ತದೆ. ತಾಪಮಾನದ್ದು ಹೋದರೆ ಮೇಲೆ ಹೇಳಿದ ಬಿಟ್ಟಿ ಬಿಸಿ. ನಡುವಿನ ವೆಂಟ್ ತೆರೆದು ಮುಚ್ಚುವ ನಡುವಿನ ಫ್ಲ್ಯಾಪ್‌ನದು ಹೋದರೆ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿದರೂ ಅರ್ಧ ಗಾಳಿ ನಡುವಿನ ವೆಂಟ್‌ನಿಂದಲೇ ಮುಖಕ್ಕೆ ಹೊಡೆಯುತ್ತದೆ. ಮಳೆಗಾಲದಲ್ಲಿ ಗಾಜು ತಿಳಿಯಾಗಲು ಹತ್ತು ನಿಮಿಷ ತಗೊಳ್ಳುತ್ತದೆ. ನನಗೆ ಎರಡು ವರ್ಷ ಇದು ಮಳೆಯ ದೋಷ ಅನಿಸಿತ್ತು!

ಹೊರಗಾಳಿ–ಒಳಗಾಳಿ ಬದಲಿಸುವ ಫ್ಲ್ಯಾಪ್ ಮಾತ್ರ ಕಳ್ಳ. ಅದು ಬ್ಲೋವರ್‌ಗಿಂತ ಮೊದಲೇ ಇದೆ. ಅದರ ಪುಡಿ ವೆಂಟ್‌ಗೆ ಬರುವುದೇ ಅಪರೂಪ, ಕೂಲಿಂಗ್ ಕಾಯಿಲ್‌ನ ಸಂದಿಯಲ್ಲಿ ಸಿಕ್ಕಿ ಕೂರುತ್ತದೆ. ಲಾರಿ ಹಿಂದೆ ಹೋಗುವಾಗ ಬಟನ್ ಒತ್ತಿದರೂ ಹೊಗೆ ವಾಸನೆ ಒಳಗೆ ಬರುತ್ತಿದ್ದರೆ ಅದನ್ನೂ ನೋಡಿಸಿ.

ಬಿಚ್ಚುವ ಮೊದಲು ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ನಡುವಿನ ವೆಂಟ್‌ನಿಂದ ಇಳಿಸಿ ನೋಡಿ. ತೂತಿನ ತಗಡು ಹೊಳೆಯುತ್ತಾ ಕಂಡರೆ ಸಾಕ್ಷಿ ಸಿಕ್ಕಿತು. ನನಗೆ ಕಂಡದ್ದು ದೀಪದ ಬೆಳಕಲ್ಲಿ ಸಾಲು ಸಾಲು ಕರಿ ಕಣ್ಣು. ಒಂದು ಮೂಲೆಯಲ್ಲಿ ಮಾತ್ರ ಹಳೇ ಸ್ಪಂಜಿನ ಗರಿ ಗಾಳಿಗೆ ಅಲ್ಲಾಡುತ್ತಿತ್ತು.

ಏನು ಬೇಕು, ಏನು ಬೇಡ

ಮುಖ್ಯ ಸಾಮಾನು ಅಲ್ಯೂಮಿನಿಯಂ ಫಾಯಿಲ್ ಟೇಪ್. ಎಸಿ ಡಕ್ಟ್ ಕೆಲಸದವರು ಬಳಸುವುದು, ಹಿಂದೆ ಬಿಳಿ ಕಾಗದ ಸುಲಿಯುವಂಥದ್ದು. ಫ್ರಿಜ್, ಎಸಿ ಸ್ಪೇರ್ ಮಾರುವ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಬಿಸಿಗೂ ತಣ್ಣಗೂ ಅದರ ಅಂಟು ಬಿಡುವುದಿಲ್ಲ. ಬಟ್ಟೆ ಎಳೆಯ ಡಕ್ಟ್ ಟೇಪ್, ಪ್ಯಾಕಿಂಗ್ ಟೇಪ್ ಬೇಡ. ಒಂದು ಬೇಸಿಗೆಗೆ ಅಂಟು ಹರಿದು ಫ್ಲ್ಯಾಪ್ ಚೌಕಟ್ಟಿಗೆ ಮೆತ್ತಿಕೊಂಡುಬಿಡುತ್ತದೆ.

ಅಂಚಿಗೆ ಹೊಸ ಸ್ಪಂಜು ಪಟ್ಟಿ. ಇಲ್ಲಿ ಜಿಪುಣತನ ಬೇಡ. ಸೋಫಾ ಸ್ಪಂಜು, ಪ್ಯಾಕಿಂಗ್ ಸ್ಪಂಜು ಹಾಕಿದರೆ ಅದೂ ಪಾಲಿಯುರಿಥೇನ್, ಕೆಲವೇ ವರ್ಷಕ್ಕೆ ಮತ್ತೆ ಗುರೆಳ್ಳ ಹಿಂಡಿ. ರಬ್ಬರ್ ಸಾಮಾನಿನ ಅಂಗಡಿಯಲ್ಲಿ ಇಪಿಡಿಎಂ ಅಥವಾ ನಿಯೋಪ್ರೀನ್‌ನ ಫೋಮ್ ಪಟ್ಟಿ ಕೇಳಿ, ನೀರು ಹೀರದಂಥದ್ದು. ಪರೀಕ್ಷೆ ಸುಲಭ. ಒಂದು ಚೂರನ್ನು ನೀರಲ್ಲಿ ಅದ್ದಿ ಹಿಂಡಿ. ನೀರು ಬಂದರೆ ವಾಪಸ್ ಕೊಡಿ.

ಇದರ ಜೊತೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಳೇ ಟೂತ್‌ಬ್ರಷ್, ಪ್ಲಾಸ್ಟಿಕ್ ಚಮಚದಂಥ ಬಿಚ್ಚುವ ಸಾಧನ, ಮಾಸ್ಕ್, ವ್ಯಾಕ್ಯೂಮ್ ಕ್ಲೀನರ್. ನಾನು ಮೊದಲ ಸಲ ಮಾಸ್ಕ್ ಹಾಕಲಿಲ್ಲ. ಸಂಜೆ ತನಕ ಮೂಗಿಂದ ಕರಿ ಬಂತು.

ನಡುವಿನ ಫ್ಲ್ಯಾಪ್: ಮನೆಯಲ್ಲೇ ಆಗುವ ಕೆಲಸ

ಡಿಸೆಂಬರ್‌ನ ಬೆಳಗಾವಿ ಚಳಿಯಲ್ಲಿ ಬೆಳಗ್ಗೆ ಏಳಕ್ಕೆ ಕೂತು ಹಳೇ ಪ್ಲಾಸ್ಟಿಕ್ ಎಳೆಯಬೇಡಿ. ಕೊಂಡಿ ಚಟ್ಟನೆ ಮುರಿಯುತ್ತವೆ. ಕಾರನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ ಆಮೇಲೆ ಶುರು ಮಾಡಿ.

ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ ಇಗ್ನಿಷನ್ ಆಫ್ ಮಾಡಿ, ಆಗ ನಡುವಿನ ಫ್ಲ್ಯಾಪ್ ಮುಚ್ಚಿದ ಸ್ಥಿತಿಯಲ್ಲಿ ಎದುರಿಗೆ ನಿಲ್ಲುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕಂಪನಿ ರೇಡಿಯೊ ಇದ್ದರೆ ಅದರ ಕೋಡ್ ಮೊದಲೇ ಹುಡುಕಿಟ್ಟುಕೊಳ್ಳಿ, ಬ್ಯಾಟರಿ ತೆಗೆದರೆ ಅದು ಕೋಡ್ ಕೇಳುತ್ತದೆ. ನಡುವಿನ ವೆಂಟ್‌ಗಳನ್ನೂ ಅದರ ಚೌಕಟ್ಟನ್ನೂ ಬಿಚ್ಚಿದರೆ ಕೈ ಹೋಗುವಷ್ಟು ಬಾಯಿ ತೆರೆಯುತ್ತದೆ. ಒಳಗೆ ಕಾಣುವ ತೂತಿನ ಹಲಗೆಯೇ ನಮ್ಮ ಗಿರಾಕಿ.

ಮೊದಲು ವ್ಯಾಕ್ಯೂಮ್ ನಳಿಗೆಯ ಬಾಯಿಗೆ ಹಳೇ ಕಾಲುಚೀಲ ಕಟ್ಟಿ. ಯಾವುದಾದರೂ ಸ್ಕ್ರೂ ಬಿದ್ದರೆ ಚೀಲದಲ್ಲೇ ಉಳಿಯುತ್ತದೆ. ಉಳಿದ ಸ್ಪಂಜನ್ನು ಪೂರ್ತಿ ಕೆರೆದು ತೆಗೆಯಿರಿ. ‘ಇಲ್ಲಿ ಇನ್ನೂ ಗಟ್ಟಿ ಇದೆ’ ಅಂತ ಬಿಟ್ಟರೆ ಮುಂದಿನ ವರ್ಷ ಅದೇ ಉದುರುತ್ತದೆ, ಮೇಲಿನ ಟೇಪ್ ಕೂಡ ಎದ್ದು ಬರುತ್ತದೆ. ಆಲ್ಕೋಹಾಲ್ ಹಾಕಿ ಟೂತ್‌ಬ್ರಷ್‌ನಿಂದ ತಿಕ್ಕಿ, ಒಣಬಟ್ಟೆಯಿಂದ ಒರೆಸಿ. ತಗಡಿನ ಮೇಲೆ ಬೆರಳು ಓಡಿಸಿದರೆ ಕೀಚ್ ಅನ್ನಬೇಕು, ಆಗ ಟೇಪ್ ಹಿಡಿಯುತ್ತದೆ. ಹೆಚ್ಚಿನ ಹೊತ್ತು ಹೋಗೋದು ಇದಕ್ಕೇ. ನನಗೆ ಅಂಟಿಸೋಕೆ ಇಪ್ಪತ್ತು ನಿಮಿಷ ಸಾಕಾಯಿತು, ಒರೆಸೋಕೆ ಒಂದೂವರೆ ಗಂಟೆ ಬೇಕಾಯಿತು.

ಅಂಟಿಸುವಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಇಲ್ಲಿ ಎಡವುತ್ತಾರೆ. ಒಂದೇ ಬದಿಗೆ ಟೇಪ್ ಹಚ್ಚಿದರೆ, ಪ್ರತಿ ತೂತಿನಲ್ಲೂ ಟೇಪಿನ ಅಂಟು ಬದಿ ಆಚೆ ಕಡೆ ತೆರೆದುಕೊಂಡಿರುತ್ತದೆ. ಅಲ್ಲಿ ಧೂಳು ಮೆತ್ತುತ್ತದೆ, ಬಿಸಿಗೆ ಅಂಟು ಜಿನುಗುತ್ತದೆ. ಎರಡೂ ಬದಿಗೆ ಕೈ ಹೋದರೆ ಎರಡೂ ಕಡೆ ಹಚ್ಚಿ, ತೂತಿನೊಳಗೆ ಅಂಟಿಗೆ ಅಂಟು ಕೂಡಿಕೊಳ್ಳಲಿ. ಹೋಗದಿದ್ದರೆ ಹೀಗೆ ಮಾಡಿ: ಟೇಪ್ ಅಂಟಿಸುವ ಮೊದಲು ಮೇಜಿನ ಮೇಲೆ ಅದನ್ನು ಅಂಟು ಮೇಲಾಗಿ ಇಟ್ಟು, ತೂತು ಬರುವ ಜಾಗಕ್ಕೆ ಸರಿಯಾಗಿ ಅದೇ ಟೇಪಿನ ದುಂಡು ಬಿಲ್ಲೆ ಕತ್ತರಿಸಿ ಅಂಟಿಗೆ ಅಂಟು ತಾಗಿಸಿ ಕೂರಿಸಿ. ಬಿಲ್ಲೆ ತೂತಿಗಿಂತ ಕೂದಲೆಳೆಯಷ್ಟು ಚಿಕ್ಕದಿರಲಿ. ಮೊದಲು ತೆಳು ಕಾಗದವನ್ನು ಫ್ಲ್ಯಾಪ್ ಮೇಲೆ ಒತ್ತಿ ಬೆರಳಿಂದ ತಿಕ್ಕಿದರೆ ತೂತುಗಳ ಅಚ್ಚು ಮೂಡುತ್ತದೆ. ಆ ಅಚ್ಚು ಇಟ್ಟುಕೊಂಡು ಬಿಲ್ಲೆ ಹೊಂದಿಸಿ. ಮನೆಯಲ್ಲಿ ಮಗಳು ಇದನ್ನು ಶಾಲೆಯ ಕ್ರಾಫ್ಟ್ ಅಂದುಕೊಂಡು ಎಲ್ಲಾ ಬಿಲ್ಲೆ ಅವಳೇ ಕತ್ತರಿಸಿಕೊಟ್ಟಳು.

ಟೇಪನ್ನು ನಡುವಿನಿಂದ ಅಂಚಿಗೆ ಚಮಚದ ಬೆನ್ನಿನಿಂದ ಒತ್ತುತ್ತಾ ಹೋಗಿ. ಗುಳ್ಳೆ ಉಳಿಯಬಾರದು. ಎರಡು ಪಟ್ಟಿ ಸೇರುವಲ್ಲಿ ಬೆರಳಗಲ ಒಂದರ ಮೇಲೊಂದು ಬರಲಿ.

ತಾಪಮಾನದ ಫ್ಲ್ಯಾಪ್: ಇಲ್ಲಿ ಯೋಚಿಸಿ ಕೈ ಹಾಕಿ

ಇದು ಪೆಟ್ಟಿಗೆಯ ಆಳದಲ್ಲಿದೆ. ತಲುಪಲು ಎರಡು ದಾರಿ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕಿಟಕಿ ಕೊರೆದು ಅಲ್ಲಿಂದಲೇ ಟೇಪ್ ಹಚ್ಚಿ, ಕಿಟಕಿಯನ್ನು ಮತ್ತೆ ಮುಚ್ಚುವುದು ಒಂದು. ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿ ಪೆಟ್ಟಿಗೆಯನ್ನೇ ಹೊರಗೆ ತೆಗೆಯುವುದು ಇನ್ನೊಂದು.

ಕಿಟಕಿ ಕೊರೆಯುವ ವಿಡಿಯೊಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಸುಮಾರು ಎಡಗಡೆ ಸ್ಟಿಯರಿಂಗ್‌ನ ಕಾರುಗಳು. ಆಕ್ಸಿಲರೇಟರ್ ಪೆಡಲ್ ಬಿಚ್ಚಿ ಅದರ ಪಕ್ಕ ಕೊರೆಯುತ್ತಾರೆ. ನಮ್ಮದು ಬಲಗಡೆ. ಅದನ್ನು ನೋಡಿ ಅದೇ ಜಾಗಕ್ಕೆ ಬ್ಲೇಡ್ ಹಾಕಬೇಡಿ. ಪ್ಲಾಸ್ಟಿಕ್ ಹಿಂದೆ ಎರಡು ಬೆರಳು ದೂರದಲ್ಲೇ ಹೀಟರ್ ಕೋರ್ ಇರಬಹುದು. ಅದಕ್ಕೆ ತೂತು ಬಿತ್ತೋ, ಕಾಲಡಿ ಕೂಲಂಟ್ ಕೆರೆ. ಕೊರೆಯಲೇಬೇಕು ಅಂದರೆ ಮೊದಲು ಕ್ಯಾಮೆರಾ ಬಿಟ್ಟು ಫ್ಲ್ಯಾಪ್ ಎಲ್ಲಿದೆ, ಕೋರ್ ಎಲ್ಲಿದೆ ಅಂತ ನೋಡಿ ಗುರುತು ಹಾಕಿಕೊಳ್ಳಿ. ಬ್ಲೇಡಿಗೆ ಟೇಪ್ ಸುತ್ತಿ ಕಾಲು ಇಂಚಿನಷ್ಟೇ ತುದಿ ಹೊರಗೆ ಬಿಡಿ.

ನಾನು ಡ್ಯಾಶ್‌ಬೋರ್ಡ್ ಇಳಿಸಿದೆ. ಇಳಿಸಿದೆ ಅಂದರೆ, ಉದ್ಯಮಬಾಗದ ಹತ್ತಿರ ಗ್ಯಾರೇಜ್ ಇರುವ ಒಬ್ಬ ಕಾಕಾ ಇಳಿಸಿದರು, ನಾನು ಸ್ಕ್ರೂ ಎಣಿಸಿದೆ. ಹೇಗೂ ಬಿಚ್ಚುತ್ತೇವೆ ಅಂತ ಹೀಟರ್ ಕೋರ್ ಕೂಡ ಹೊಸದು ತಂದಿದ್ದೆ. ಹಳೆಯದರ ಸಂದಿ ಸಂದಿಯಲ್ಲಿ ಅದೇ ಕರಿ ಸ್ಪಂಜು ತುಂಬಿತ್ತು. ಚಳಿಗಾಲದಲ್ಲಿ ಹೀಟರ್ ಉಗುರುಬೆಚ್ಚಗೆ ಯಾಕೆ ಬರುತ್ತಿತ್ತು ಅಂತ ಆಗ ತಿಳಿಯಿತು. ಹೀಟರ್ ಬೇಡ ಅಂದಾಗ ಬಿಸಿ, ಬೇಕು ಅಂದಾಗ ತಂಪು, ಎರಡಕ್ಕೂ ಕಾರಣ ಒಂದೇ.

ಈ ದಾರಿ ಹಿಡಿದರೆ ಮೂರು ವಿಷಯ ಬಿಗಿ ಇರಲಿ. ಪೆಟ್ಟಿಗೆ ತೆಗೆಯಲು ಎಸಿ ಪೈಪು ಬಿಚ್ಚಬೇಕು. ಆರ್‌134ಎ ಗ್ಯಾಸನ್ನು ಗಾಳಿಗೆ ಬಿಡದೆ ಮೆಷಿನ್‌ನಿಂದ ಎಳೆಸಿ, ಕೊನೆಗೆ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ತೂಕ ಹಾಕಿ ತುಂಬಿಸಿ. ಎಡಗಡೆ ಕೂರುವವರ ಏರ್‌ಬ್ಯಾಗ್ ಡ್ಯಾಶ್‌ಬೋರ್ಡ್‌ನಲ್ಲೇ ಇದೆ. ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಕಾದು ಆಮೇಲೆ ಅದರ ಪ್ಲಗ್ ಮುಟ್ಟಿ, ತೆಗೆದಿಟ್ಟ ಏರ್‌ಬ್ಯಾಗ್‌ನ ಮುಖ ಮೇಲಾಗಿ ಇರಲಿ. ಸ್ಕ್ರೂಗಳನ್ನು ಬಿಚ್ಚಿದ ಜಾಗದ ಹೆಸರು ಬರೆದ ಕಪ್ಪುಗಳಲ್ಲಿ ಹಾಕಿ. ನಾವು ಚಹಾದ ಕಾಗದದ ಕಪ್ಪು ಬಳಸಿದೆವು. ಒಂದರಲ್ಲಿ ಹುಡುಗ ಚಹಾ ಸುರಿದುಬಿಟ್ಟ, ಅದು ಬೇರೆ ಮಾತು.

ಪೆಟ್ಟಿಗೆ ಹೊರಗೆ ಬಂದರೆ ಫ್ಲ್ಯಾಪ್ ಕೈಗೇ ಸಿಗುತ್ತದೆ. ಒರೆಸುವುದು, ಟೇಪ್ ಹಚ್ಚುವುದು ಎಲ್ಲ ಮೇಲೆ ಹೇಳಿದ ಹಾಗೇ, ಆದರೆ ಎರಡೂ ಬದಿಗೆ. ಆಮೇಲೆ ಅಂಚಿನ ಪಟ್ಟಿ. ಇದರ ದಪ್ಪದಲ್ಲಿ ತಪ್ಪಬೇಡಿ. ಕೀಲಿನ ಹತ್ತಿರ ಒತ್ತಡ ಬೀಳದ ಮೂಲೆಯಲ್ಲಿ ಹಳೇ ಸ್ಪಂಜು ಒಂಚೂರು ಉಳಿದಿದ್ದರೆ ಅದನ್ನೇ ಅಳೆಯಿರಿ. ನನ್ನದರಲ್ಲಿ 4 ಮಿಲಿಮೀಟರ್ ಇತ್ತು. ನಾವು ಮೊದಲು ‘ಗಟ್ಟಿ ಇರಲಿ’ ಅಂತ 8 ಮಿಲಿಮೀಟರ್ ಹಚ್ಚಿದೆವು. ಫ್ಲ್ಯಾಪ್ ಎರಡೂ ಕೊನೆ ಮುಟ್ಟಲಿಲ್ಲ. ಕೈಯಿಂದ ತಿರುಗಿಸಿ ನೋಡಿದ್ದಕ್ಕೆ ಗೊತ್ತಾಯಿತು. ಇಲ್ಲದಿದ್ದರೆ ಡ್ಯಾಶ್‌ಬೋರ್ಡ್ ಎರಡನೇ ಸಲ ಇಳಿಯುತ್ತಿತ್ತು. "ಕದಕ್ಕ ಗೋಣಿಚೀಲ ತುರುಕಿದ್ರ ಅಗಳಿ ಹಾಕಾಕ ಬರ್ತೈತೇನು ತಮ್ಮಾ?" ಅಂದರು ಕಾಕಾ. ಎಲ್ಲಾ ಕಿತ್ತು ಮತ್ತೆ 4ರದ್ದು ಹಚ್ಚಿದೆವು.

ಪೆಟ್ಟಿಗೆ ಮುಚ್ಚುವ ಮುಂಚೆ ಒಳಗೆ ಟಾರ್ಚ್ ಇಟ್ಟು ಫ್ಲ್ಯಾಪ್ ಮುಚ್ಚಿ, ಕತ್ತಲಲ್ಲಿ ಆಚೆ ಕಡೆಯಿಂದ ನೋಡಿ. ಬೆಳಕು ಎಲ್ಲಿ ಸೋರುತ್ತದೋ ಗಾಳಿಯೂ ಅಲ್ಲೇ ಸೋರುತ್ತದೆ. ನಮಗೆ ಕೆಳಗಿನ ಮೂಲೆಯಲ್ಲಿ ಸೂಜಿಯಷ್ಟು ಕಂಡಿತು.

ಜೋಡಿಸಿದ ಮೇಲೆ

ಕ್ಲೈಮಟ್ರಾನಿಕ್ ಇದ್ದರೆ ಫ್ಲ್ಯಾಪ್ ಮೋಟಾರ್‌ಗಳಿಗೆ ಹೊಸ ಕೊನೆಗಳನ್ನು ಕಲಿಸಬೇಕು. ಸ್ಕ್ಯಾನ್ ಕೇಬಲ್ ಹಚ್ಚಿ, 08 ಅನ್ನುವ ಎಸಿ ಘಟಕಕ್ಕೆ ಹೋಗಿ, ಬೇಸಿಕ್ ಸೆಟ್ಟಿಂಗ್‌ನಲ್ಲಿ 000 ಗ್ರೂಪ್ ಓಡಿಸಿ. ಮೋಟಾರ್‌ಗಳು ಒಂದೊಂದಾಗಿ ಗುಂಯ್ ಅಂತ ಆ ಕೊನೆಯಿಂದ ಈ ಕೊನೆಗೆ ಹೋಗಿ ಬರುತ್ತವೆ. ಇದನ್ನು ಬಿಟ್ಟರೆ ಫ್ಲ್ಯಾಪ್ ಹಳೇ ಲೆಕ್ಕದಲ್ಲೇ ನಿಲ್ಲುತ್ತದೆ, ಹೊಸ ಸ್ಪಂಜು ಒತ್ತಿಕೊಳ್ಳುವುದೇ ಇಲ್ಲ. ಕೇಬಲ್ ಇರುವ ಕಾರಾದರೆ ಗುಂಡಿಯನ್ನು ಪೂರ್ತಿ ತಣ್ಣಗಿನ ಕಡೆ ತಿರುಗಿಸಿ, ಫ್ಲ್ಯಾಪನ್ನೂ ಆ ಕೊನೆಗೆ ಒತ್ತಿ ಹಿಡಿದು ಕ್ಲಿಪ್ ಹಾಕಿ.

ಆಮೇಲೆ ಮೊದಲಿನ ‘ಇಕಾನ್’ ಪರೀಕ್ಷೆ ಮತ್ತೆ ಮಾಡಿ ಎರಡು ಅಂಕಿಯನ್ನೂ ಪಕ್ಕಪಕ್ಕ ಬರೆದಿಟ್ಟುಕೊಳ್ಳಿ. ನನ್ನದು ಹೊರಗೆ 22 ಇದ್ದಾಗ ವೆಂಟ್‌ನಲ್ಲಿ 25 ಬಂತು. ಎಸಿ ಹಾಕಿ ಬಾಗಲಕೋಟೆಯ ಬಿಸಿಲಲ್ಲಿ ನೋಡಿದಾಗ 9. ಅದೇ ಕಂಪ್ರೆಸರ್, ಬದಲಿಸಿ ಅಂದಿದ್ದರಲ್ಲ, ಅದೇ.

ಮೊದಲ ಎರಡು ವಾರ ಮತ್ತೆ ಒಂದೆರಡು ಕರಿ ಚೂರು ಬಂದರೆ ಗಾಬರಿ ಬೇಡ. ನಾಳಗಳ ತಿರುವಿನಲ್ಲಿ ಕೂತಿದ್ದ ಹಳೇ ಪುಡಿ ಅದು. ಕಿಟಕಿ ಎಲ್ಲ ಇಳಿಸಿ, ಒಂದೊಂದು ವೆಂಟ್‌ನ ಬಾಯಿಗೆ ಒದ್ದೆ ಬಟ್ಟೆ ಹಿಡಿದು, ಬ್ಲೋವರ್ ಪೂರ್ತಿ ಜೋರು ಮಾಡಿ ಹೊರಗೆ ಹಾಕಿಬಿಡಿ. ಮೂರನೇ ವಾರವೂ ಬರುತ್ತಿದ್ದರೆ ಇನ್ನೊಂದು ಫ್ಲ್ಯಾಪ್ ಉಳಿದಿದೆ ಅಂತ ಅರ್ಥ. ನನ್ನ ಕಾರಿನಲ್ಲಿ ನಿಂತಿದೆ. ಆದರೂ ಅವ್ವ ಈಗಲೂ ಮುಂದಿನ ಸೀಟಿನಲ್ಲಿ ಕೂತರೆ ಮೊದಲು ವೆಂಟ್ ಮುಚ್ಚಿ, ಆಮೇಲೆ ಬಾಗಿಲು ಹಾಕುತ್ತಾಳೆ.